ನೆರೆ ಬಂದಾಗ, ಗುಡ್ಡ ಕುಸಿದಾಗ ಮನೆ ಬಿಡಲು ಯಾವ ಗಾಡಿ ಒಳ್ಳೆಯದು? ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಹುಟ್ಟೂರು ಜಮಖಂಡಿ ತಾಲ್ಲೂಕಿನಲ್ಲಿ, ಕೃಷ್ಣಾ ನದಿಯ ದಂಡೆಯಲ್ಲಿದೆ. ಕೆಲಸ ಸಿಕ್ಕಿದ್ದು ಮಡಿಕೇರಿಯಲ್ಲಿ. 2018ರ ಆಗಸ್ಟ್‌ನಲ್ಲಿ ಇಲ್ಲಿ ಗುಡ್ಡ ಜಾರಿದ್ದನ್ನು ನೋಡಿದೆ. ಮರುವರ್ಷ ಅದೇ ತಿಂಗಳು ಊರಿಗೆ ಹೊಳೆ ಬಂತು, ಅಪ್ಪ ಅಮ್ಮನನ್ನು ಕರೆತರಲು ಓಡಿದೆ. ಆಮೇಲಿಂದ ನೆಂಟರು, ಸ್ನೇಹಿತರು, ಜೊತೆ ಕೆಲಸದವರು ಮಳೆಗಾಲ ಬಂತೆಂದರೆ ಇದನ್ನೇ ಕೇಳುತ್ತಾರೆ: ಇಂಥ ಹೊತ್ತಿಗೆ ಯಾವ ಗಾಡಿ ಇರಬೇಕು? ಫೋನಿನಲ್ಲಿ ಹತ್ತಾರು ಸಲ ಹೇಳಿದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಇದಕ್ಕೆಂದೇ ಹೊಸ ಗಾಡಿ ಕೊಳ್ಳಬೇಕಾ?

ಬಹಳ ಮನೆಗಳಿಗೆ ಬೇಡ. ಈಗ ಇರುವ ಗಾಡಿಯ ಬ್ಯಾಟರಿ ಚೆನ್ನಾಗಿರಲಿ, ಟೈರ್ ಸವೆಯದಿರಲಿ, ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯದಿರಲಿ. ಇಷ್ಟಿದ್ದರೆ ಹಳೆಯ ಆಲ್ಟೋ ಕೂಡ ನಿಮ್ಮನ್ನು ಸುರಕ್ಷಿತ ಜಾಗಕ್ಕೆ ಮುಟ್ಟಿಸುತ್ತದೆ. ಆದರೆ ನೀರು ರಸ್ತೆಗೆ ಬರುವ ಮೊದಲೇ ಹೊರಟಿರಬೇಕು. ನೀರು ಬಂದ ಮೇಲೆ ಹೊರಟರೆ ಲಕ್ಷಗಟ್ಟಲೆ ಕೊಟ್ಟು ತಂದ ದೊಡ್ಡ ಗಾಡಿಯೂ ತೇಲುತ್ತದೆ.

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ ಕಡೆ ನೀರು ನುಗ್ಗಿತ್ತಲ್ಲ, ಆಗ ದುಬಾರಿ ಕಾರುಗಳು ನಿಂತಲ್ಲೇ ಮುಳುಗಿದವು. ಜನರನ್ನು ಹೊತ್ತು ಹೊರಗೆ ತಂದದ್ದು ಟ್ರ್ಯಾಕ್ಟರ್ ಮತ್ತು ದೋಣಿಗಳು. ಹೇಗೂ ಒಂದು ಗಾಡಿ ಕೊಳ್ಳುವ ಯೋಚನೆ ಇದ್ದರೆ ಮಾತ್ರ ಕೆಳಗಿನ ಉತ್ತರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ನಮ್ಮೂರಿಗೆ ಯಾವುದು ಸರಿ ಅಂತ ತಿಳಿಯುವುದು ಹೇಗೆ?

ನಿಮ್ಮ ಊರಿನಲ್ಲಿ ಅಪಾಯ ಯಾವ ದಾರಿಯಿಂದ ಬರುತ್ತದೆ ಅಂತ ಮೊದಲು ನೋಡಿ.

ಕೃಷ್ಣಾ, ಘಟಪ್ರಭಾ, ಮಲಪ್ರಭಾ, ಭೀಮಾ ದಂಡೆಯ ಊರುಗಳಲ್ಲಿ ನೀರು ಹೇಳಿಯೇ ಬರುತ್ತದೆ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹೆಚ್ಚಾದರೆ, ಕೊಯ್ನಾ ಅಣೆಕಟ್ಟಿನಿಂದ ನೀರು ಬಿಟ್ಟರೆ, ರಾಜಾಪುರ ಬ್ಯಾರೇಜಿನ ಕ್ಯುಸೆಕ್ ಲೆಕ್ಕ ಸುದ್ದಿಯಲ್ಲಿ ಬರಲು ಶುರುವಾಗುತ್ತದೆ. ಕೆಲವು ಗಂಟೆ, ಕೆಲವೊಮ್ಮೆ ಒಂದು ದಿನವೇ ಕೈಯಲ್ಲಿರುತ್ತದೆ. ಅಲ್ಲಿ ಬೇಕಾದದ್ದು ಜನ, ದನ, ಕಾಳುಕಡಿ ಎಲ್ಲವನ್ನೂ ಒಯ್ಯುವ ಗಾಡಿ. ವೇಗ ಬೇಕಿಲ್ಲ, ಜಾಗ ಬೇಕು.

ಕೊಡಗು, ಸಕಲೇಶಪುರ, ಶೃಂಗೇರಿ, ಅಂಕೋಲಾ ಕಡೆ ಹಾಗಲ್ಲ. ಗುಡ್ಡ ಜಾರಿದರೆ ನಿಮಿಷಗಳೂ ಸಿಗುವುದಿಲ್ಲ. ರಸ್ತೆ ಕಿರಿದು, ಮರ ಬಿದ್ದಿರುತ್ತದೆ, ತಿರುವಿನಾಚೆ ಮಣ್ಣು ಬಿದ್ದಿದ್ದರೆ ಅಲ್ಲೇ ತಿರುಗಿಸಿ ವಾಪಸ್ ಬರಬೇಕು. ಅಲ್ಲಿಗೆ ಗಿಡ್ಡ ಗಾಡಿ, ಒಳ್ಳೆಯ ಬ್ರೇಕು, ಒಳ್ಳೆಯ ಟೈರು.

ಬೆಂಗಳೂರಿನಂಥ ಊರಿನಲ್ಲಿ ಅಪಾಯ ಇರುವುದು ಬೇಸ್‌ಮೆಂಟ್, ಅಂಡರ್‌ಪಾಸ್, ರಾಜಕಾಲುವೆ ಪಕ್ಕದ ರಸ್ತೆಗಳಲ್ಲಿ. ಅಲ್ಲಿ ಗಾಡಿಯ ಮಾಡೆಲ್‌ಗಿಂತ ಅದು ಎಲ್ಲಿ ನಿಂತಿದೆ ಅನ್ನುವುದೇ ಮುಖ್ಯ.

ಎಷ್ಟು ಆಳದ ನೀರಿನಲ್ಲಿ ಗಾಡಿ ಓಡಿಸಬಹುದು?

ಈ ಉತ್ತರವನ್ನು ದಯವಿಟ್ಟು ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಓದಿ ಹೇಳಿ.

ಹರಿಯುವ ನೀರು ಅರ್ಧ ಅಡಿ ಇದ್ದರೂ ನಡೆಯುವ ಮನುಷ್ಯನ ಕಾಲು ತಪ್ಪಿಸಬಹುದು. ಒಂದು ಅಡಿ ಇದ್ದರೆ ಸಣ್ಣ ಕಾರು ತೇಲಲು ಶುರುವಾಗುತ್ತದೆ. ಎರಡು ಅಡಿ ನೀರು ದೊಡ್ಡ ಎಸ್‌ಯುವಿಯನ್ನೂ ಎಳೆದುಕೊಂಡು ಹೋಗಬಲ್ಲದು. ಕೇಳಿದವರು ನಂಬುವುದಿಲ್ಲ, ಅದಕ್ಕೇ ಲೆಕ್ಕ ಹೇಳುತ್ತೇನೆ. ಸಣ್ಣ ಕಾರಿನ ತಳ ಸುಮಾರು 4ರಿಂದ 5 ಚದರ ಮೀಟರ್ ಇರುತ್ತದೆ. ಆ ತಳಕ್ಕೆ ನೀರು ಮುಟ್ಟಿ ಇನ್ನೂ 10 ಸೆಂಟಿಮೀಟರ್ ಏರಿತು ಅಂದುಕೊಳ್ಳಿ. ಅಷ್ಟೇ ನೀರು 400ರಿಂದ 500 ಕೆ.ಜಿ. ಭಾರವನ್ನು ಮೇಲಕ್ಕೆ ಎತ್ತುತ್ತದೆ. ಕಾರಿನ ತೂಕ 750 ಕೆ.ಜಿ. ಆಸುಪಾಸು. ಹಾಗಾದರೆ ಚಕ್ರ ರಸ್ತೆಯನ್ನು ಒತ್ತಿ ಹಿಡಿಯಲು ಉಳಿಯುವ ಭಾರ ಎಷ್ಟು? ಪಕ್ಕದಿಂದ ನೀರು ತಳ್ಳಿದರೆ ಸ್ಟೀರಿಂಗ್ ಕೈಯಲ್ಲಿದ್ದೂ ಪ್ರಯೋಜನ ಇಲ್ಲ.

ನಿಂತ ನೀರಾದರೆ, ಕೆಳಗಿನ ರಸ್ತೆ ನಿಮಗೆ ಚೆನ್ನಾಗಿ ಗೊತ್ತಿದ್ದರೆ, ಚಕ್ರದ ನಡುಮಟ್ಟಕ್ಕಿಂತ ಕೆಳಗೆ ಇದ್ದರೆ ದಾಟಬಹುದು. ಸಣ್ಣ ಕಾರಿನಲ್ಲಿ ಆ ಮಟ್ಟ ಒಂದು ಅಡಿಗೂ ಕಡಿಮೆ. ಫಸ್ಟ್ ಗೇರ್‌ನಲ್ಲಿ ಒಂದೇ ಸಮನೆ ಹೋಗಿ. ಆಕ್ಸಿಲರೇಟರ್ ಬಿಡಬೇಡಿ, ಗೇರ್ ಬದಲಿಸಬೇಡಿ, ಎದುರಿನ ಗಾಡಿ ದಾಟುವವರೆಗೆ ನೀರಿಗೆ ಇಳಿಯಬೇಡಿ. ದಾಟಿದ ಮೇಲೆ ನಿಧಾನ ಹೋಗುತ್ತಾ ಬ್ರೇಕ್ ಮೆಲ್ಲಗೆ ನಾಲ್ಕೈದು ಸಲ ಒತ್ತಿ ಒಣಗಿಸಿಕೊಳ್ಳಿ.

ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಆಳ ಎಷ್ಟೇ ಇರಲಿ, ಇಳಿಯಬೇಡಿ. ನೀರಿನ ಕೆಳಗೆ ಸೇತುವೆ ಇನ್ನೂ ಇದೆಯೋ ಇಲ್ಲವೋ ಮೇಲಿಂದ ಕಾಣುವುದಿಲ್ಲ.

ಥಾರ್ ಅಥವಾ ಫೋರ್ ವ್ಹೀಲ್ ಜೀಪು ಇದ್ದರೆ ಹೋಗಬಹುದಲ್ವಾ?

ಥಾರ್‌ನ ಗ್ರೌಂಡ್ ಕ್ಲಿಯರೆನ್ಸ್ 226 ಮಿ.ಮೀ. ನೀರಿನಲ್ಲಿ 650 ಮಿ.ಮೀ. ಆಳದವರೆಗೆ ಹೋಗಬಹುದು ಅಂತ ಕಂಪನಿ ಹೇಳುತ್ತದೆ. ಅದು ನಿಂತ ನೀರಿಗೆ, ನಿಧಾನದ ಓಟಕ್ಕೆ, ಗಟ್ಟಿ ನೆಲಕ್ಕೆ ಹೇಳಿದ ಮಾತು. ಹರಿಯುವ ಹೊಳೆಗೆ ಅಲ್ಲ.

ನಾಲ್ಕೂ ಚಕ್ರ ತಿರುಗುವುದರಿಂದ ಉಪಯೋಗ ಆಗುವುದು ಕೆಸರಿನಲ್ಲಿ, ಜಾರುವ ಏರಿನಲ್ಲಿ. ಕೊಡಗಿನ ತೋಟದ ದಾರಿಗಳಲ್ಲಿ ಮಳೆಗಾಲಕ್ಕೆ ಜೀಪಿನ ಟೈರಿಗೆ ಚೈನ್ ಸುತ್ತಿ ಓಡಿಸುವವರನ್ನು ನೋಡಿದ್ದೇನೆ. ಆ ಜಾಗಕ್ಕೆ ಅದಕ್ಕಿಂತ ಒಳ್ಳೆಯ ಗಾಡಿ ಇಲ್ಲ. ಮನೆಯಿಂದ ಟಾರ್ ರಸ್ತೆಗೆ ಬರಲು ಒಂದೆರಡು ಕಿ.ಮೀ. ಮಣ್ಣಿನ ಏರು ಇದ್ದರೆ ಫೋರ್ ವ್ಹೀಲ್‌ಗೆ ಹಾಕಿದ ದುಡ್ಡು ಸಾರ್ಥಕ. ಆದರೆ ಇಳಿಜಾರಿನಲ್ಲಿ ಬ್ರೇಕ್ ಹಾಕುವಾಗ ಅದೂ ಬೇರೆ ಗಾಡಿಯ ಹಾಗೆಯೇ ಜಾರುತ್ತದೆ.

ಹಾಗಾದರೆ ನಿಮ್ಮ ಆಯ್ಕೆ ಯಾವುದು?

ಹಳ್ಳಿಯ ದೊಡ್ಡ ಮನೆಗೆ ಬೊಲೆರೊ. ಎತ್ತರ ಸಾಕಷ್ಟಿದೆ, ಏಳೆಂಟು ಜನ ಒತ್ತಿಕೊಂಡು ಕೂರಬಹುದು. ನನಗೆ ಅದು ಹಿಡಿಸುವ ಮುಖ್ಯ ಕಾರಣ ಬೇರೆ: ಅದನ್ನು ರಿಪೇರಿ ಮಾಡುವವರು ಯಾವ ಹೋಬಳಿಯಲ್ಲೂ ಸಿಗುತ್ತಾರೆ, ಬಿಡಿಭಾಗವೂ ಸಿಗುತ್ತದೆ. ರಸ್ತೆ ಕಡಿದು ನಾಲ್ಕು ದಿನ ಊರಲ್ಲೇ ಸಿಕ್ಕಿಬಿದ್ದಾಗ ಲ್ಯಾಪ್‌ಟಾಪ್ ಹಚ್ಚಿ ನೋಡಬೇಕಾದ ಗಾಡಿ ಕೆಟ್ಟರೆ ಏನು ಮಾಡುತ್ತೀರಿ?

ಹೈನುಗಾರಿಕೆ ಇರುವವರಿಗೆ ಪಿಕಪ್. ಅದರಲ್ಲೂ ಹಿಂದೆ ಇನ್ನೊಂದು ಸೀಟು ಇರುವ ಕ್ಯಾಂಪರ್ ಥರದ್ದು ಇದ್ದರೆ ಮನೆಮಂದಿ ಒಳಗೆ ಕೂರಬಹುದು, ಸಾಮಾನು ಹಿಂದೆ ಹೋಗುತ್ತದೆ.

ವಯಸ್ಸಾದವರು, ಹಾಸಿಗೆ ಹಿಡಿದವರು ಇರುವ ಮನೆಗೆ ನಾನು ಈಕೋ ಅಥವಾ ಹಳೆಯ ಓಮ್ನಿ ಹೇಳುತ್ತೇನೆ. ಪಕ್ಕಕ್ಕೆ ಸರಿಯುವ ಬಾಗಿಲು, ತಗ್ಗು ನೆಲ. ಸೀಟು ತೆಗೆದರೆ ಒಬ್ಬರನ್ನು ಮಲಗಿಸಿಯೇ ಒಯ್ಯಬಹುದು. ಎತ್ತರದ ಜೀಪಿಗೆ ಮಂಡಿ ನೋವಿನ ಅಜ್ಜಿಯನ್ನು ಹತ್ತಿಸುವುದು ಎಷ್ಟು ಕಷ್ಟ ಅಂತ ಮಳೆಯಲ್ಲಿ ನಿಂತು ಹತ್ತಿಸಿದವರಿಗೇ ಗೊತ್ತು. ಈಗಾಗಲೇ ಎತ್ತರದ ಗಾಡಿ ಇದ್ದರೆ ಒಂದು ಗಟ್ಟಿ ಮಣೆ ಸದಾ ಹಿಂದೆ ಇಟ್ಟಿರಿ.

ಪೇಟೆಯಲ್ಲಿ ನಾಲ್ಕು ಜನರ ಮನೆಗೆ ಯಾವ ಹ್ಯಾಚ್‌ಬ್ಯಾಕ್ ಆದರೂ ಸಾಕು.

ಟ್ರ್ಯಾಕ್ಟರ್ ಎಲ್ಲಿಗೆ ಬೇಕಾದರೂ ಹೋಗುತ್ತದಾ?

ನಮ್ಮ ಕಡೆ ನೆರೆ ಅಂದರೆ ಟ್ರ್ಯಾಕ್ಟರೇ. ಹಿಂದಿನ ಚಕ್ರ ಮನುಷ್ಯನ ಎದೆಮಟ್ಟ ಬರುತ್ತದೆ, ಎಂಜಿನ್ ಎತ್ತರದಲ್ಲಿದೆ, ಭಾರವೂ ಇದೆ. ಎರೆಮಣ್ಣಿನ ದಾರಿಯಲ್ಲಿ ಮಳೆ ಬಿದ್ದ ಮೇಲೆ ಬೇರೆ ಯಾವ ಗಾಡಿಯೂ ನಡೆಯುವುದಿಲ್ಲ. ಕಾರಿನ ಚಕ್ರಕ್ಕೆ ಎರೆ ಮೆತ್ತಿಕೊಂಡು ಮಡ್‌ಗಾರ್ಡ್ ತುಂಬಿ ತಿರುಗುವುದೇ ನಿಲ್ಲುತ್ತದೆ.

ಆದರೆ ಹಿಂದಿನ ಟ್ರೇಲರ್ ನೋಡಿ. ಹರಿಯುವ ನೀರು ಅದರ ಪಕ್ಕದ ಹಲಗೆಗೆ ಬಡಿದರೆ ಟ್ರೇಲರ್ ಅಡ್ಡ ತಿರುಗುತ್ತದೆ, ಟ್ರ್ಯಾಕ್ಟರನ್ನೂ ಜೊತೆಗೆ ಎಳೆಯುತ್ತದೆ. 2019ರಲ್ಲಿ ನಮ್ಮ ಓಣಿಯವರು ಕಬ್ಬು ಸಾಗಿಸುವ ಟ್ರೇಲರಿನಲ್ಲಿ ಹೊರಬಂದದ್ದು ನೀರು ಇನ್ನೂ ಹೊಲದಲ್ಲಿ ನಿಂತಿದ್ದಾಗ, ರಸ್ತೆಗೆ ಬರುವ ಮೊದಲು. ಜನರನ್ನು ಕೂರಿಸುವಾಗ ಎಲ್ಲರೂ ತಳದಲ್ಲಿ ಕುಳಿತಿರಬೇಕು, ಹಲಗೆಯ ಮೇಲೆ ಯಾರೂ ಕೂರಬಾರದು, ಮಕ್ಕಳು ನಡುವೆ. ಟ್ರ್ಯಾಕ್ಟರ್‌ಗೂ ಟ್ರೇಲರ್‌ಗೂ ಮಧ್ಯದ ಕೊಂಡಿಯ ಮೇಲೆ ಹುಡುಗರು ನಿಲ್ಲುವ ಅಭ್ಯಾಸ ಇದೆ. ಅದನ್ನು ಜೋರು ಮಾಡಿಯಾದರೂ ತಡೆಯಿರಿ.

ಎರಡು ಟ್ರೇಲರ್ ಸಿಕ್ಕಿಸಿ ಒಂದೇ ಸಲಕ್ಕೆ ಮುಗಿಸೋಣ ಅನ್ನುವವರ ಮಾತು ಕೇಳಬೇಡಿ. ಒಂದನ್ನೇ ಎರಡು ಸಲ ಓಡಿಸಿ.

ನಮ್ಮ ಹತ್ತಿರ ಬೈಕ್ ಮಾತ್ರ ಇದೆ.

ಇಬ್ಬರಿಗೆ ಬೈಕ್ ಒಳ್ಳೆಯ ಗಾಡಿಯೇ. ಜಾಮ್‌ನಲ್ಲಿ ಸಿಕ್ಕಿಹಾಕಿಕೊಳ್ಳುವುದಿಲ್ಲ, ಮರ ಬಿದ್ದ ಪಕ್ಕದಲ್ಲಿ ನುಸುಳುತ್ತದೆ, ಬೇಕಾದರೆ ಇಬ್ಬರು ಎತ್ತಿ ದಾಟಿಸಬಹುದು. ಸ್ಪ್ಲೆಂಡರ್‌ನಂಥ ಬೈಕಿನ ಟ್ಯಾಂಕ್ ತುಂಬಿಸಿದರೆ ಕೆಲವು ನೂರು ಕಿ.ಮೀ. ಚಿಂತೆ ಇಲ್ಲ. ಸ್ಕೂಟರ್ ಸ್ವಲ್ಪ ಹಿಂದೆ ಬೀಳುತ್ತದೆ. ಚಕ್ರ ಸಣ್ಣದು, ಗುಂಡಿಯಲ್ಲಿ ಸಿಕ್ಕಿಬೀಳುತ್ತದೆ, ಒಳಗೆ ನೀರು ಹೋದರೆ ಬೆಲ್ಟ್ ಜಾರುತ್ತದೆ.

ನಾಲ್ಕು ಜನರನ್ನು ಒಂದೇ ಬೈಕಿನಲ್ಲಿ ಕೂರಿಸಿ ಮಳೆಯಲ್ಲಿ ಹೊರಡಬೇಡಿ. ಮೊದಲ ಎಚ್ಚರಿಕೆ ಬಂದಾಗಲೇ ಮಕ್ಕಳನ್ನೂ ಹಿರಿಯರನ್ನೂ ಬಸ್ಸಿನಲ್ಲಿ ನೆಂಟರ ಮನೆಗೆ ಕಳಿಸಿ, ನೀವಿಬ್ಬರು ಆಮೇಲೆ ಬನ್ನಿ. ಗಾಳಿ ಜೋರಿದ್ದರೆ ಬೈಕ್ ಬಿಟ್ಟು ನಡೆಯುವುದೇ ಸರಿ.

ಎಲೆಕ್ಟ್ರಿಕ್ ಕಾರು ನೀರಿನಲ್ಲಿ ಶಾಕ್ ಹೊಡೆಯುತ್ತದಾ?

ಹಾಗೆ ಸುಮ್ನೆ ಹೊಡೆಯುವುದಿಲ್ಲ. ಈಗಿನ ಬಹಳಷ್ಟು ಕಾರುಗಳ ಬ್ಯಾಟರಿ ಐಪಿ67 ದರ್ಜೆಯದು. ಅಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಇಟ್ಟು ಪರೀಕ್ಷೆ ಮಾಡಿರುತ್ತಾರೆ. ಗಾಳಿ ಎಳೆದುಕೊಳ್ಳುವ ಎಂಜಿನ್ ಇಲ್ಲದಿರುವುದೂ ಒಂದು ಅನುಕೂಲ. ಆದರೆ ಇದೂ ತೇಲುತ್ತದೆ, ಕೊಚ್ಚಿಹೋಗುತ್ತದೆ, ಅದರಲ್ಲಿ ವ್ಯತ್ಯಾಸ ಇಲ್ಲ.

ನನಗೆ ಕಾಣುವ ಕಷ್ಟ ಕರೆಂಟಿನದು. ಮಲೆನಾಡಿನಲ್ಲಿ ಕಂಬ ಬಿದ್ದರೆ ನಾಲ್ಕು ದಿನ, ಒಂದು ವಾರ ಕರೆಂಟ್ ಇರುವುದಿಲ್ಲ. ಹಾಗಾಗಿ ಮಳೆಯ ಎಚ್ಚರಿಕೆ ಬಂದ ದಿನವೇ ಪೂರ್ತಿ ಚಾರ್ಜ್ ಮಾಡಿ ಇಡಿ. ಘಟ್ಟ ಹತ್ತುವಾಗ ಚಾರ್ಜ್ ಬೇಗ ಇಳಿಯುತ್ತದೆ ಅನ್ನುವುದು ಲೆಕ್ಕದಲ್ಲಿರಲಿ. ನೀರಲ್ಲಿ ಮುಳುಗಿದ ಎಲೆಕ್ಟ್ರಿಕ್ ಗಾಡಿಯನ್ನು ಒಣಗಿದಂತೆ ಕಂಡರೂ ಚಾರ್ಜಿಗೆ ಹಾಕಬೇಡಿ, ಮನೆಗೆ ತಾಗಿಸಿ ನಿಲ್ಲಿಸಬೇಡಿ. ಒಳಗೆ ನೀರು ಸೇರಿದ ಬ್ಯಾಟರಿ ಕೆಲವು ದಿನ ಬಿಟ್ಟೂ ಹೊತ್ತಿಕೊಳ್ಳಬಹುದು.

ಪೆಟ್ರೋಲ್, ಡೀಸೆಲ್, ಸಿಎನ್‌ಜಿ?

ಮೊದಲು ಡೀಸೆಲ್ ಗಾಡಿ ನೀರಿಗೆ ಹೆದರುವುದಿಲ್ಲ ಅನ್ನುತ್ತಿದ್ದರು. ಸ್ಪಾರ್ಕ್ ಪ್ಲಗ್ ಇಲ್ಲವಲ್ಲ, ಅದಕ್ಕೆ. ಈಗಿನ ಡೀಸೆಲ್ ಗಾಡಿಯಲ್ಲೂ ಎಲ್ಲ ಎಲೆಕ್ಟ್ರಾನಿಕ್ಸ್, ಹಾಗಾಗಿ ದೊಡ್ಡ ವ್ಯತ್ಯಾಸ ಉಳಿದಿಲ್ಲ. ಎಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆ ಎಷ್ಟು ಎತ್ತರದಲ್ಲಿದೆ ಅಂತ ಬಾನೆಟ್ ತೆರೆದು ನೋಡಿಕೊಳ್ಳಿ. ನೀರು ಅಲ್ಲಿಗೆ ಮುಟ್ಟಿದರೆ ಯಾವ ಎಂಜಿನ್ ಆದರೂ ಹೋಯಿತು. ಸಿಎನ್‌ಜಿ ಬಂಕ್ ಮಲೆನಾಡಿನಲ್ಲಿ ಅಪರೂಪ, ಸಿಲಿಂಡರ್ ಡಿಕ್ಕಿಯ ಜಾಗವನ್ನೂ ತಿನ್ನುತ್ತದೆ.

ಜೂನ್‌ನಿಂದ ಅಕ್ಟೋಬರ್‌ವರೆಗೆ ಅರ್ಧ ಟ್ಯಾಂಕ್ ಆದಾಗಲೇ ತುಂಬಿಸಿ. ಕರೆಂಟ್ ಹೋದರೆ ಜನರೇಟರ್ ಇಲ್ಲದ ಬಂಕ್ ಮುಚ್ಚುತ್ತದೆ, ಇರುವ ಬಂಕಿನ ಮುಂದೆ ಸಾಲು ನಿಲ್ಲುತ್ತದೆ. ಕ್ಯಾನಿನಲ್ಲಿ ಪೆಟ್ರೋಲ್ ತುಂಬಿ ಮನೆಯಲ್ಲಿ ಇಡಬೇಡಿ. ಅದರ ಆವಿಗೆ ಒಂದು ಕಿಡಿ ಸಾಕು.

ಗಾಡಿ ಎಲ್ಲಿ, ಹೇಗೆ ನಿಲ್ಲಿಸಬೇಕು?

ಮೂತಿ ರಸ್ತೆಯ ಕಡೆ ಇರಲಿ. ರಾತ್ರಿ ಎರಡು ಗಂಟೆಗೆ, ಮಳೆಯಲ್ಲಿ, ಕರೆಂಟ್ ಇಲ್ಲದಾಗ ರಿವರ್ಸ್ ತೆಗೆಯುವುದು ಎಷ್ಟು ಕಷ್ಟ ಅಂತ ನಾನು ಒಮ್ಮೆ ಗೇಟಿನ ಕಂಬಕ್ಕೆ ಗುದ್ದಿ ಕಲಿತೆ. ಎರಡು ಬೀಗದ ಕೈ, ಒಂದು ನಿಮ್ಮ ಹತ್ತಿರ, ಇನ್ನೊಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಮೊಳೆಯಲ್ಲಿ.

ಮಲೆನಾಡಿನಲ್ಲಿ ಬರೆಯ ಕೆಳಗೆ ಗಾಡಿ ನಿಲ್ಲಿಸಬೇಡಿ. ಬರೆ ಅಂದರೆ ರಸ್ತೆಗೆ, ಮನೆಗೆ ಗುಡ್ಡ ಕಡಿದಾಗ ನೆಟ್ಟಗೆ ನಿಲ್ಲುವ ಮಣ್ಣಿನ ಗೋಡೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿದಾಗ ರಸ್ತೆಬದಿಯ ಚಹಾ ಅಂಗಡಿ, ಅಲ್ಲಿ ನಿಂತಿದ್ದ ಗಾಡಿಗಳು, ಜನ ಎಲ್ಲ ಗಂಗಾವಳಿ ನದಿಗೆ ಹೋದರು. ಒಂದು ಲಾರಿ ನದಿಯಿಂದ ಮೇಲೆ ಬಂದದ್ದು ಎರಡು ತಿಂಗಳ ಮೇಲೆ. ಮಳೆಗಾಲದಲ್ಲಿ ಘಟ್ಟದ ದಾರಿಯಲ್ಲಿ ಚಹಾಕ್ಕೆ ನಿಲ್ಲುವುದಾದರೆ ಪಕ್ಕದಲ್ಲಿ ಕಡಿದ ಗುಡ್ಡ ಇಲ್ಲದ ಜಾಗ ಹುಡುಕಿ. ನಾನು ಶಿರಾಡಿಯಲ್ಲೂ ಸಂಪಾಜೆಯಲ್ಲೂ ಈಗ ನಡುವೆ ನಿಲ್ಲುವುದೇ ಇಲ್ಲ.

ಪೇಟೆಯಲ್ಲಿ ಬೇಸ್‌ಮೆಂಟ್‌ನಿಂದ ಗಾಡಿಯನ್ನು ಹಿಂದಿನ ದಿನವೇ ಮೇಲೆ ತನ್ನಿ. ಚೆನ್ನೈನಲ್ಲಿ ದೊಡ್ಡ ಮಳೆಯ ಮುನ್ಸೂಚನೆ ಬಂದರೆ ವೇಳಚೇರಿಯವರು ಕಾರುಗಳನ್ನು ಫ್ಲೈಓವರ್ ಮೇಲೆ ಸಾಲಾಗಿ ನಿಲ್ಲಿಸುತ್ತಾರೆ. ಒಮ್ಮೆ ಕಳೆದುಕೊಂಡವರಿಗೆ ಆ ಬುದ್ಧಿ ಬಂದಿದೆ. ಮಳೆ ಶುರುವಾದ ಮೇಲೆ ಬೇಸ್‌ಮೆಂಟ್‌ಗೆ ಕಾರು ತರಲು ಇಳಿಯಬೇಡಿ, ಅದು ಹೋದರೆ ಹೋಗಲಿ.

ಯಾವಾಗ ಹೊರಡಬೇಕು?

ಹವಾಮಾನ ಇಲಾಖೆ 24 ಗಂಟೆಯ ಮಳೆಯನ್ನು ಹೀಗೆ ಹೇಳುತ್ತದೆ: 64.5 ಮಿ.ಮೀ. ದಾಟಿದರೆ ಭಾರಿ, 115.6 ದಾಟಿದರೆ ಅತಿ ಭಾರಿ, 204.4ಕ್ಕಿಂತ ಹೆಚ್ಚಾದರೆ ಅತ್ಯಂತ ಭಾರಿ. ಮುನ್ಸೂಚನೆಯ ಹಳದಿ, ಕಿತ್ತಳೆ, ಕೆಂಪು ಬಣ್ಣ ಬಹುಮಟ್ಟಿಗೆ ಇದನ್ನೇ ಅನುಸರಿಸುತ್ತದೆ. ನಮ್ಮ ಮನೆಯಲ್ಲಿ ಮಾಡಿಕೊಂಡಿರುವುದು ಇಷ್ಟು: ಹಳದಿ ಬಂದರೆ ಟ್ಯಾಂಕ್ ತುಂಬಿಸುವುದು. ಕಿತ್ತಳೆ ಬಂದರೆ ಚೀಲ ಗಾಡಿಗೆ ಹಾಕಿ, ಹಿರಿಯರನ್ನು ಕಳಿಸುವುದು. ಕೆಂಪು ಬಂದರೆ ಗುಡ್ಡದ ಬುಡದ ಮನೆಯಲ್ಲಿ ಆ ರಾತ್ರಿ ಮಲಗದಿರುವುದು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಸಚೇತ್ ಆ್ಯಪ್ ಮೊಬೈಲಿನಲ್ಲಿ ಇರಲಿ, ಸಿಡಿಲಿನ ಎಚ್ಚರಿಕೆಗೆ ದಾಮಿನಿ ಇದೆ.

ಹಗಲು ಹೊರಡಿ. ಊರಿನಿಂದ ಹೊರಹೋಗಲು ಎರಡು ದಾರಿ ಗೊತ್ತಿರಲಿ. 2018ರಲ್ಲಿ ಮಡಿಕೇರಿಯಿಂದ ಸುಳ್ಯದ ಕಡೆಗೆ ಇಳಿಯುವ ದಾರಿ ಜೋಡುಪಾಲದ ಹತ್ತಿರ ಕಡಿದುಹೋಯಿತು. ಇನ್ನೊಂದು ಕಡೆ ಕುಶಾಲನಗರದಲ್ಲಿ ಕಾವೇರಿ ತುಂಬಿತ್ತು. ಗೂಗಲ್ ಮ್ಯಾಪ್ ತೋರಿಸಿದ ಒಳದಾರಿಗೆ ಇಳಿಯುವ ಮೊದಲು ಅಲ್ಲಿನವರನ್ನು ಒಂದು ಮಾತು ಕೇಳಿ.

ಗುಡ್ಡ ಕುಸಿಯುವ ಲಕ್ಷಣ ಕಂಡರೆ ಗಾಡಿ ತೆಗೆಯಲಾ, ಓಡಲಾ?

ಅಂಗಳದಲ್ಲಿ ಹೊಸ ಬಿರುಕು, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗುವುದು, ಮರ ಅಥವಾ ಕಂಬ ವಾಲುವುದು, ಇಲ್ಲದ ಕಡೆ ಒರತೆ ಏಳುವುದು. ಇವು ಕಂಡರೆ ಇನ್ನೂ ಸಮಯ ಇರಬಹುದು. ಗಾಡಿ ತೆಗೆದು ಹೊರಡಿ, ಪಕ್ಕದವರನ್ನೂ ಎಬ್ಬಿಸಿ.

ತೋಡಿನ, ಅಂದರೆ ಸಣ್ಣ ಹಳ್ಳದ, ನೀರು ದಿಢೀರನೆ ಕೆಸರಾದರೆ, ಅಥವಾ ಮಳೆ ಸುರಿಯುತ್ತಿದ್ದರೂ ನೀರು ಕಡಿಮೆಯಾದರೆ, ಮೇಲೆ ಮರ ಮುರಿಯುವ, ಬಂಡೆ ಉರುಳುವ ಸದ್ದು ಕೇಳಿದರೆ ಗಾಡಿಯನ್ನು ಮರೆತುಬಿಡಿ. ಇಳಿಜಾರಿನಲ್ಲಿ ಕೆಳಕ್ಕೆ ಅಲ್ಲ, ಅಡ್ಡಕ್ಕೆ ಓಡಿ, ತೋಡಿನಿಂದ ದೂರ. 2018ರಲ್ಲಿ ಎಷ್ಟೋ ಜನ ಗಾಡಿ ಇದ್ದೂ ತೋಟದ ನಡುವೆ ನಡೆದೇ ಪಾರಾದರು, ರಸ್ತೆಗಳೇ ಇರಲಿಲ್ಲ.

ಕಾರು ನೀರಿನಲ್ಲಿ ಸಿಕ್ಕಿಬಿದ್ದರೆ?

2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ 22 ವರ್ಷದ ಯುವತಿ ತೀರಿಕೊಂಡರು. ವಿಧಾನಸೌಧಕ್ಕೆ ಅಷ್ಟು ಹತ್ತಿರ. ಅದನ್ನು ಓದಿದ ದಿನ ನಾನು ಗಾಜು ಒಡೆಯುವ ಸಣ್ಣ ಸುತ್ತಿಗೆ ಕೊಂಡೆ.

ಮಾಡಬೇಕಾದದ್ದು ಈ ಕ್ರಮದಲ್ಲಿ: ಸೀಟ್ ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ದಾಟಿಸಿ, ನೀವು ಹೊರಬನ್ನಿ. ಬಾಗಿಲು ತಳ್ಳುತ್ತಾ ಸಮಯ ಕಳೆಯಬೇಡಿ, ಹೊರಗಿನ ನೀರಿನ ಒತ್ತಡಕ್ಕೆ ಅದು ತೆರೆಯುವುದಿಲ್ಲ. ಪವರ್ ವಿಂಡೋ ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ, ಅಷ್ಟರಲ್ಲಿ ಇಳಿಸಬೇಕು. ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಸುತ್ತಿಗೆಯಿಂದ ಹೊಡೆಯಿರಿ. ಮುಂದಿನ ಗಾಜು ಎರಡು ಪದರದ್ದು, ಒಡೆದರೂ ಬಿಟ್ಟುಕೊಡುವುದಿಲ್ಲ. ಸುತ್ತಿಗೆ ಡ್ರೈವರ್ ಕೈಗೆ ಸಿಗುವ ಕಡೆ ಇರಬೇಕು, ಡಿಕ್ಕಿಯಲ್ಲಿದ್ದರೆ ಉಪಯೋಗವಿಲ್ಲ. ಹೊರಬಂದ ಮೇಲೆ ಗಾಡಿಯ ಮೇಲೆ ಹತ್ತಿ ಕೂಗಿ, 112ಕ್ಕೆ ಫೋನ್ ಮಾಡಿ. ಫೋನ್ ಮೊದಲು ಅಲ್ಲ, ಹೊರಬರುವುದು ಮೊದಲು.

ಗಾಡಿಯಲ್ಲಿ ಏನೇನು ಇಟ್ಟಿರಬೇಕು?

ಕೊಡಗಿನಲ್ಲಾದರೆ ಕತ್ತಿ ಮತ್ತು ಕೈಗರಗಸ ಮೊದಲು. ಅಡ್ಡ ಬಿದ್ದ ಕೊಂಬೆ ಕಡಿದು ದಾರಿ ಮಾಡಿಕೊಳ್ಳಲು ಇದಕ್ಕಿಂತ ಬೇರೆ ಉಪಾಯ ಇಲ್ಲ. 20 ಮೀಟರ್ ಗಟ್ಟಿ ನೈಲಾನ್ ಹಗ್ಗ, ಜಂಪರ್ ಕೇಬಲ್, ಟಾರ್ಚ್, ಟಾರ್ಪಾಲು. ಜಾಕ್ ಕೆಸರಿನಲ್ಲಿ ಹೂತುಹೋಗುತ್ತದೆ, ಅದರ ಕೆಳಗೆ ಇಡಲು ಒಂದು ಹಲಗೆ. ಸ್ಟೆಪ್ನಿಯಲ್ಲಿ ಗಾಳಿ ಇದೆಯಾ ಅಂತ ಕೊನೆಯ ಸಲ ನೋಡಿದ್ದು ಯಾವಾಗ?

ಕುಡಿಯುವ ನೀರು ಒಬ್ಬರಿಗೆ ದಿನಕ್ಕೆ ಮೂರು ಲೀಟರ್ ಲೆಕ್ಕ. ಅವಲಕ್ಕಿ, ಚುರುಮುರಿ, ಬೆಲ್ಲ, ಓಆರ್‌ಎಸ್. ಬಿಪಿ, ಶುಗರ್ ಮಾತ್ರೆ ಹದಿನೈದು ದಿನಕ್ಕೆ ಆಗುವಷ್ಟು, ಚೀಟಿಯ ಜೊತೆ. ನೆಟ್‌ವರ್ಕ್ ಇಲ್ಲದೆ ಫೋನ್ ಪೇ ನಡೆಯುವುದಿಲ್ಲ, ಹಾಗಾಗಿ ನೂರು, ಇನ್ನೂರರ ನೋಟುಗಳು. ಪಹಣಿ, ಆಧಾರ್, ಪಾಸ್‌ಬುಕ್, ಮಕ್ಕಳ ಮಾರ್ಕ್ಸ್ ಕಾರ್ಡ್ ಪ್ಲಾಸ್ಟಿಕ್ ಕವರಿನಲ್ಲಿ. ಮುಖ್ಯ ಫೋನ್ ನಂಬರ್‌ಗಳನ್ನು ಹಾಳೆಯಲ್ಲಿ ಬರೆದಿಡಿ, ಮೊಬೈಲ್ ಸತ್ತರೆ ಒಂದು ನಂಬರೂ ನೆನಪಿರುವುದಿಲ್ಲ.

ಟಿವಿ, ಫ್ರಿಜ್ ಹೇರಲು ಹೋಗಬೇಡಿ. ಅದಕ್ಕೆ ಹೋಗುವ ಅರ್ಧ ಗಂಟೆಯಲ್ಲಿ ಸೇತುವೆ ದಾಟಬಹುದು.

ದನಕರುಗಳನ್ನು ಏನು ಮಾಡುವುದು?

ನೆರೆಯಲ್ಲಿ ಜನ ಮನೆ ಬಿಡದೆ ಕೂರುವುದು ಬಹುಪಾಲು ಇದಕ್ಕೇ. ದನಕರುಗಳನ್ನು ಜನರಿಗಿಂತ ಮೊದಲು, ನೀರು ದೂರ ಇರುವಾಗಲೇ ಸಾಗಿಸಬೇಕು. ಪಿಕಪ್ ಅಥವಾ ಟ್ರೇಲರಿನ ತಳಕ್ಕೆ ಮಣ್ಣು, ಹುಲ್ಲು ಹರಡಿ, ಬರಿಯ ತಗಡಿನ ಮೇಲೆ ಗೊರಸು ಜಾರುತ್ತದೆ. ಎಮ್ಮೆಯನ್ನು ಮೂತಿ ಮುಂದೆ ಮಾಡಿ ಗಿಡ್ಡ ಹಗ್ಗದಲ್ಲಿ ಕಟ್ಟಿ. ಎರಡು ದಿನದ ಮೇವೂ ಹೋಗಲಿ.

ಒಯ್ಯಲು ಆಗಲೇ ಇಲ್ಲ ಅಂದರೆ ಕಣ್ಣಿ ಬಿಚ್ಚಿ, ಕೊಟ್ಟಿಗೆ ಬಾಗಿಲು ತೆರೆದು ಬಿಡಿ. ಅವು ಈಜುತ್ತವೆ, ದಿಬ್ಬ ಹುಡುಕಿಕೊಳ್ಳುತ್ತವೆ. ಕಟ್ಟಿದ ದನಕ್ಕೆ ಆ ಅವಕಾಶವೂ ಇಲ್ಲ. ನಾಯಿಗೂ ಇದೇ ಮಾತು.

ನಮ್ಮಲ್ಲಿ ಗಾಡಿಯೇ ಇಲ್ಲ.

ಓಣಿಯಲ್ಲಿ ಯಾರ ಹತ್ತಿರ ಯಾವ ಗಾಡಿ ಇದೆ, ಅದರಲ್ಲಿ ಯಾರು ಹೋಗುವುದು ಅಂತ ಮಳೆಗಾಲಕ್ಕೆ ಮೊದಲೇ ಮಾತಾಡಿಕೊಳ್ಳಿ. ಗಾಡಿ ಇರುವವರೇ ಮುಂದಾಗಿ ಕೇಳಿದರೆ ಒಳ್ಳೆಯದು, ಇಲ್ಲದವರಿಗೆ ಬಾಯಿಬಿಟ್ಟು ಕೇಳಲು ಸಂಕೋಚ. ಗರ್ಭಿಣಿಯರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು ಇದ್ದರೆ ಪಂಚಾಯಿತಿಗೆ, ಆಶಾ ಕಾರ್ಯಕರ್ತೆಗೆ ಮೊದಲೇ ತಿಳಿಸಿ. ಡಂಗುರ ಸಾರಿ ಊರು ಬಿಡಲು ಹೇಳಿದಾಗ ಕಾಳಜಿ ಕೇಂದ್ರಕ್ಕೆ ಬಸ್ಸು, ಟ್ರ್ಯಾಕ್ಟರ್ ಕಳಿಸುತ್ತಾರೆ, ಮೊದಲ ಸುತ್ತಿನಲ್ಲೇ ಹತ್ತಿ. ಜಿಲ್ಲೆಯ ವಿಪತ್ತು ಸಹಾಯವಾಣಿ 1077, ಆಂಬುಲೆನ್ಸ್ 108.

ಗಾಡಿ ನೀರಿನಲ್ಲಿ ನಿಂತುಹೋಯಿತು. ಸ್ಟಾರ್ಟ್ ಮಾಡಿ ನೋಡಲಾ?

ಬೇಡ. ಎಂಜಿನ್ ಒಳಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕೆಲವು ಸಾವಿರದಲ್ಲಿ ಮುಗಿಯುವ ಕೆಲಸ ಲಕ್ಷಕ್ಕೆ ಹೋಗುತ್ತದೆ. ನನ್ನ ಸ್ನೇಹಿತರೊಬ್ಬರು ಒಂದೇ ಒಂದು ಸಲ ಕೀ ತಿರುಗಿಸಿದ್ದು, ಎಂಜಿನ್ ಪೂರ್ತಿ ಬಿಚ್ಚಬೇಕಾಯಿತು. ಬ್ಯಾಟರಿ ವೈರ್ ಬಿಚ್ಚಿ, ನೀರಿನ ಮಟ್ಟ ಕಾಣುವಂತೆ ಫೋಟೊ ತೆಗೆದು, ವಿಮೆಯವರಿಗೆ ತಿಳಿಸಿ, ಎಳೆಸಿಕೊಂಡು ಹೋಗಿ.

ಥರ್ಡ್ ಪಾರ್ಟಿ ವಿಮೆಯಲ್ಲಿ ನೆರೆಯ ನಷ್ಟಕ್ಕೆ ಏನೂ ಸಿಗುವುದಿಲ್ಲ. ಪೂರ್ಣ ವಿಮೆಯಲ್ಲಿ ನೆರೆ ಸೇರಿರುತ್ತದೆ, ಆದರೆ ನೀರು ನುಗ್ಗಿ ಎಂಜಿನ್ ಹಾಳಾದರೆ ಸಾಮಾನ್ಯವಾಗಿ ಎಂಜಿನ್ ಪ್ರೊಟೆಕ್ಟ್ ಅಂತ ಬೇರೆ ಸೇರಿಸಿರಬೇಕು. ನದಿ ದಂಡೆಯವರು, ಬೇಸ್‌ಮೆಂಟ್‌ನಲ್ಲಿ ಕಾರು ಇಡುವವರು ಮುಂದಿನ ಸಲ ವಿಮೆ ಕಟ್ಟುವಾಗ ಕೇಳಿ ಹಾಕಿಸಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ?

ಮುಳುಗಿದ ಗಾಡಿಗಳನ್ನು ತೊಳೆದು ಬೇರೆ ಊರಿನಲ್ಲಿ ಮಾರುವುದುಂಟು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ಕೊನೆಯಲ್ಲಿ ಕೆಸರಿನ ಗೆರೆ ಇರುತ್ತದೆ. ಸೀಟಿನ ಕೆಳಗಿನ ಕಂಬಿಯಲ್ಲಿ ತುಕ್ಕು, ಕಾರ್ಪೆಟ್ ಎತ್ತಿದರೆ ಮುಗ್ಗಲು ವಾಸನೆ, ಹೆಡ್‌ಲೈಟ್ ಒಳಗೆ ಮಂಜು. ಇದರಲ್ಲಿ ಒಂದು ಕಂಡರೂ ಬಿಟ್ಟುಬಿಡಿ.

ಮನೆಯ ಹಿರಿಯರು ಹೊರಡಲು ಒಪ್ಪುವುದಿಲ್ಲ. ಏನು ಮಾಡಲಿ?

ನಮ್ಮ ಅಮ್ಮನೂ ಒಪ್ಪಲಿಲ್ಲ. 2019ರಲ್ಲಿ ನಾನು ಊರು ಮುಟ್ಟಿದಾಗ ನೀರು ಹನುಮಪ್ಪನ ಗುಡಿಯ ಹಿಂದಿನ ಹೊಲಕ್ಕೆ ಬಂದಿತ್ತು. ಅಪ್ಪ ಚೀಲ ಹಿಡಿದು ನಿಂತಿದ್ದರು. ಅಮ್ಮ ಹಿತ್ತಲ ಕಟ್ಟೆಯ ಮೇಲೆ ಕೂತು, "ಎಮ್ಮಿ ಬಿಟ್ಟು ನಾ ಎಲ್ಲೂ ಬರಂಗಿಲ್ಲಪಾ, ನೀವು ಹೋಗ್ರಿ" ಅಂದಳು. ನಾನು ಸಿಟ್ಟು ಮಾಡಿದೆ, ಬೇಡಿಕೊಂಡೆ, ಕೇಳಲಿಲ್ಲ. ಪಕ್ಕದ ಮನೆಯ ಕಾಕಾ ಏನೂ ಮಾತಾಡದೆ ತಮ್ಮ ಟ್ರ್ಯಾಕ್ಟರ್ ತಂದು ಹಿತ್ತಲಿಗೆ ಹಚ್ಚಿದರು. ಎಮ್ಮೆಯನ್ನು ಹತ್ತಿಸಿದೆವು. ಅದು ಹತ್ತಿದ್ದನ್ನು ನೋಡಿ ಅಮ್ಮ ಎದ್ದಳು, ಒಳಗೆ ಹೋಗಿ ದೇವರ ಮುಂದಿನ ದೀಪ ಸಣ್ಣ ಮಾಡಿ ಬಂದು, ತಾನಾಗೇ ಟ್ರೇಲರ್ ಹತ್ತಿ ಎಮ್ಮೆಯ ಪಕ್ಕ ಕೂತಳು. ನನ್ನ ಕಾರಿನಲ್ಲಿ ಕೂರು ಅಂದರೂ ಬರಲಿಲ್ಲ. ಅಪ್ಪ ಮತ್ತು ನಾನು ಕಾರಿನಲ್ಲಿ, ಅವಳ ಹಿಂದೆ ಹಿಂದೆ, ಜಮಖಂಡಿಯವರೆಗೆ ಹೋದೆವು.